ಜಹನಾರಾ ಒರೆಸಿದ ಕಂಪ್ಯೂಟರ್

ನಸುಕಿನ ಫಜರ್ ನಮಾಜು ಮುಗಿಸಿ ಜಾನಮಾಜ್ ಚಾಪೆ ಮಡಿಸಿಟ್ಟ ಮೇಲೆ ಜಹನಾರಾ ಮಾಡುವ ಮೊದಲ ಕೆಲಸ ಕಂಪ್ಯೂಟರ್ ಒರೆಸುವುದು. ಗಂಡ ಜಿಯಾವುಲ್ಲಾ ತೀರಿಕೊಂಡು ನಾಲ್ಕು ವರ್ಷವಾಯಿತು. ಒಂದು ದಿನವೂ ತಪ್ಪಿಲ್ಲ. ಅವರದೇ ಹಳೆಯ ಬನಿಯನ್ನಿನ ತುಂಡು. ಬಿಸ್ಮಿಲ್ಲಾ ಅಂದು ಮೊದಲು ಪರದೆ, ಆಮೇಲೆ ಕೀಬೋರ್ಡಿನ ಒಂದೊಂದೇ ಗುಂಡಿ. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಹೋಗಿ ಒರೆಸಿ ಬಂದು ಮಲಗಿದ್ದನ್ನು, ರಿಚರ್ಡ್ಸ್ ಟೌನಿನಲ್ಲಿ ಅವರ ಎದುರು ಮನೆಯವಳಾದ ನಾನು ನೋಡಿದ್ದೇನೆ.

ಜಿಯಾವುಲ್ಲಾ ಶಿವಾಜಿನಗರದಲ್ಲಿ ಇದೇ ಕಂಪ್ಯೂಟರಿನಲ್ಲಿ ನಿಕಾಹ್ ಪತ್ರಿಕೆಗಳನ್ನು ಉರ್ದುವಿನಲ್ಲಿ ಜೋಡಿಸಿಕೊಡುತ್ತಿದ್ದರು. ಬೀದಿಯವರೆಲ್ಲ ಕದ್ದ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವಾಗ ಇವರು ದುಡ್ಡು ಕೊಟ್ಟು, ರಶೀದಿ ಪಡೆದು ಉರ್ದು ಸಾಫ್ಟ್‌ವೇರ್ ಖರೀದಿಸಿದ್ದರು. “ಪತ್ರಿಕೆ ಶುರುವಾಗೋದೇ ಅಲ್ಲಾಹನ ಹೆಸರಿಂದ. ಆ ಅಕ್ಷರ ಕದ್ದಿದ್ದಾಗಬಾರದು” ಎನ್ನುತ್ತಿದ್ದರಂತೆ. ಕೊನೆಯ ಎರಡು ವರ್ಷ ಅದೇ ಸಾಫ್ಟ್‌ವೇರಿನಲ್ಲಿ ಮನೆತನದ ಶಜರಾ, ಅಂದರೆ ವಂಶವೃಕ್ಷ, ಬರೆದರು. ಹೆಸರು ಹೇಳಿದ ಹಿರಿಯರು ಒಬ್ಬೊಬ್ಬರಾಗಿ ಹೋದರು. ಇನ್ನೂ ಒಂದು ಕೊಂಬೆ ಬಾಕಿಯಿದೆ ಎಂದು ಪ್ರಿಂಟ್ ತೆಗೆಯದೆ ಬರೆದವರೂ ಹೋದರು.

ಹೋದ ತಿಂಗಳು ಗಂಡನ ಅಣ್ಣನ ಸೊಸೆ ಬುಷ್ರಾ ಫೋನು ಮಾಡಿದಳು. ಅವಳ ಮಗಳು ಮಹೀನಳಿಗೆ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಹಳೆಯ ಕಾಲದವರು. ಶಜರಾ ನೋಡದೆ ಮಾತು ಮುಂದುವರಿಸುವವರಲ್ಲ. ಶುಕ್ರವಾರ ಬರುವವರಿದ್ದರು.

“ಶಜರಾ ಪ್ರಿಂಟ್ ತೆಗೆಯೋಕೆ ಇವತ್ತೇ ಶುರು ಮಾಡಿ ಚಾಚೀ. ನಿಮ್ಮ ಕಂಪ್ಯೂಟರ್ ಡಬ್ಬ ತೆರ್ಕೊಳ್ಳೋ ಹೊತ್ತಿಗೆ ಮಹೀನ್‌ಗೆ ಮೊಮ್ಮಕ್ಕಳಾಗಿರ್ತಾರೆ” ಎಂದು ಛೇಡಿಸಿದಳು.

ಡಬ್ಬ ನಿಜಕ್ಕೂ ನಿಧಾನವಾಗಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಜಾಹೀರಾತು ಬಂತು. ರಿಜಿಸ್ಟ್ರಿ ಶುಚಿ ಮಾಡಿ ಕಂಪ್ಯೂಟರನ್ನು ಫಾಸ್ಟ್ ಮಾಡುವ ಸಾಫ್ಟ್‌ವೇರ್, ಉಚಿತ. ಜಹನಾರಾ ಹಾಕಿಕೊಂಡರು. ಎರಡು ಸಾವಿರದ ನಾನೂರ ಹನ್ನೊಂದು ದೋಷ ಎಂದು ಕೆಂಪಕ್ಷರದಲ್ಲಿ ತೋರಿಸಿತು. ಅವರಿಗೆ ನಾಚಿಕೆಯಾಯಿತಂತೆ. ಇಷ್ಟು ವರ್ಷ ಹೊರಗೆ ಮಾತ್ರ ಒರೆಸಿದೆನಲ್ಲ, ಒಳಗೆ ಇಷ್ಟು ಕೊಳೆ! ಶುಚಿ ಈಮಾನಿನ, ಅಂದರೆ ನಂಬಿಕೆಯ, ಅರ್ಧ ಎಂದು ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತವರು. ಶುಚಿ ಮಾಡಿದರೆ ಕೆಡುಕಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಅಳಿಸು ಎಂಬಲ್ಲಿ ಒತ್ತಿ, ಹಸಿರು ಬಣ್ಣ ಬರುವ ತನಕ ತಸ್ಬಿಯ ಮಣಿ ಎಣಿಸುತ್ತ ಕೂತರು.

ಆಮೇಲೆ ಉರ್ದು ಸಾಫ್ಟ್‌ವೇರ್ ತೆರೆಯಲಿಲ್ಲ. ಲೈಸೆನ್ಸ್ ಕೀ ಕೇಳಿತು. ರಶೀದಿಯಲ್ಲಿ ಕೀ ಇರಲಿಲ್ಲ. ಅದರಲ್ಲಿದ್ದ ಕಂಪನಿಯ ನಂಬರಿಗೆ ಫೋನು ಮಾಡಿದರೆ ಆ ನಂಬರೇ ಇಲ್ಲ ಎಂದಿತು.

ಗುರುವಾರ ಬೆಳಿಗ್ಗೆ ಅವರೂ ನಾನೂ ಆಟೋದಲ್ಲಿ ಹಲಸೂರಿಗೆ ಹೋದೆವು. ದಾರಿಯುದ್ದಕ್ಕೂ ಸಿಪಿಯು ಅವರ ತೊಡೆಯ ಮೇಲಿತ್ತು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಿರಣಕುಮಾರ ಜಿಯಾವುಲ್ಲಾ ಅವರನ್ನು ಬಲ್ಲವನು.

“ಬರೋರೆಲ್ಲ ಕ್ಲೀನ್ ಮಾಡಿದೀನಿ ಅಂತಾನೇ ಬರ್ತಾರೆ ಅಮ್ಮಾ. ಕೊಳೆ ಇಟ್ಕೊಂಡಿದೀನಿ ಅಂತ ಒಬ್ರೂ ಬಂದಿಲ್ಲ” ಎಂದು ನಕ್ಕ. ಪರದೆ ನೋಡುತ್ತ ನೋಡುತ್ತ ನಗು ನಿಂತಿತು.

“ರಿಜಿಸ್ಟ್ರಿ ಅಂದ್ರೆ ವಿಂಡೋಸ್‌ದು ದಫ್ತರ. ಯಾವ ಪ್ರೋಗ್ರಾಂ ಎಲ್ಲಿದೆ, ಅದರ ಲೈಸೆನ್ಸ್ ಏನು, ಎಲ್ಲ ಅಲ್ಲಿ ಬರ್ಕೊಂಡಿರತ್ತೆ. ಯಾವುದು ಕಸ ಯಾವುದು ಬೇಕಾದ್ದು ಅಂತ ಈ ಕ್ಲೀನರ್‌ಗೆ ಪೂರ್ತಿ ಗೊತ್ತಾಗಲ್ಲ. ಹಳೇದು ಕಂಡ್ರೆ ಕಿತ್ತಾಕ್ಬಿಡತ್ತೆ.”

“ಫಾಸ್ಟ್ ಆಗತ್ತೆ ಅಂತ ಬರ್ದಿತ್ತು.”

“ಒಂದು ಚೂರೂ ಆಗಲ್ಲ. ಆ ಕೆಂಪು ನಂಬರ್ ಹೆದರ್ಸೋಕೆ. ನನ್ನ ಮಶೀನ್‌ಗೆ ಹಾಕಿದ್ರೂ ಎರಡು ಸಾವಿರ ತೋರ್ಸತ್ತೆ. ಮನೆ ಕಂಪ್ಯೂಟರ್‌ಗೆ ಇದು ಬೇಕಾಗೇ ಇಲ್ಲ ಅಮ್ಮಾ.”

“ವಾಪಸ್ ಬರಲ್ವಾ?”

“ಬ್ಯಾಕಪ್ ಇದ್ದಿದ್ರೆ ಬರ್ತಿತ್ತು. ಜಾಗ ಉಳ್ಸೋಕೆ ಅಂತ ಅದನ್ನೂ ಅಳ್ಸಿದೆ ಇದು. ಶಜರಾ ಫೈಲ್ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ತೆರೆಯೋಕೆ ಬೀಗದ ಕೈ ಇಲ್ಲ ಅಷ್ಟೆ.”

ಜಹನಾರಾ ಅಳಲಿಲ್ಲ. ಕೌಂಟರಿನ ಮೇಲೆ ಬಿದ್ದಿದ್ದ ಧೂಳನ್ನು ದುಪಟ್ಟಾದ ತುದಿಯಿಂದ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಹೊರಗೆ ಬಸ್ಸುಗಳು ಹೋಗುತ್ತಿದ್ದವು.

ಕಿರಣಕುಮಾರ ದನಿ ತಗ್ಗಿಸಿದ. “ಕ್ರ್ಯಾಕ್ ಹಾಕ್ಕೊಡ್ತೀನಿ ಬಿಡಿ. ಕದ್ದ ಕೀ, ಆದ್ರೆ ಕೆಲಸ ಮಾಡತ್ತೆ. ಹತ್ತು ನಿಮಿಷದಲ್ಲಿ ಪ್ರಿಂಟ್ ಕೈಗೆ ಬರತ್ತೆ. ನನಗೇನೂ ಕೊಡ್ಬೇಡಿ, ಸಾಬ್ರು ಹೆಸರಲ್ಲಿ ಮಾಡ್ತೀನಿ. ಕಂಪನಿನೇ ಇಲ್ವಲ್ಲ, ಮೋಸ ಯಾರಿಗೆ?”

ಆಗಲೇ ಬುಷ್ರಾಳ ಫೋನು ಬಂತು. “ಪ್ರಿಂಟ್ ಹುವಾ ಕ್ಯಾ ಚಾಚೀ?” ಎಂದು, ಪ್ರಿಂಟ್ ಆಯಿತಾ ಎಂದು ಕೇಳಿದ್ದು ನಮಗೂ ಕೇಳಿಸಿತು. ನಾಳೆಯೇ ಶುಕ್ರವಾರ. ಜಹನಾರಾ ಫೋನನ್ನು ಎದೆಗೆ ಒತ್ತಿಕೊಂಡು ಸಿಪಿಯು ಕಡೆ ನೋಡಿದರು. ಆಮೇಲೆ ಕಿವಿಗಿಟ್ಟು, “ನೈ ಹುವಾ ಬೇಟಾ. ಹೋತಾ ಭೀ ನೈ” ಎಂದರು, ಆಗಿಲ್ಲ, ಆಗೋದೂ ಇಲ್ಲ ಎಂದು ಹೇಳಿ ಫೋನು ಇಟ್ಟರು.

“ಬೇಡ ಕಿರಣ್” ಎಂದರು. “ಅವರು ಬೇಡ ಅಂತಿದ್ದದ್ದನ್ನ ಅವರ ಹೆಸರಲ್ಲೇ ಮಾಡೋದು ಬೇಡ. ಸಿಪಿಯುದು ಕವರ್ ಮುಚ್ಚಿ ಕೊಡಿ.”