ಅವ್ವನ ಅಂಗೈ ಕೆಳಗೆ ನನ್ನ ಅಂಗೈ

ಆಗೆಲ್ಲ ನಂಗೆ ಎಚ್ಚರ ಆಗ್ತಿದ್ದಿದ್ದೇ ಅವ್ವ ಕರಡಿಗೆ ಬಿಚ್ಚೋ ಸದ್ದಿಗೆ. ಟಿಕ್ ಅಂತ ಒಂದು ಸಣ್ಣ ಸದ್ದು. ಹಿಂದೇನೇ ವಿಭೂತಿ ವಾಸನೆ, ಅಡಿಗೆಮನೇಲಿ ಅಜ್ಜಿ ರೊಟ್ಟಿ ತಟ್ಟೋ ಸದ್ದು. ನಮ್ಮ ಕಡೆ ಕೊರಳಲ್ಲಿ ಬೆಳ್ಳಿ ಕರಡಿಗೆ ಕಟ್ಕೊಂಡಿರ್ತಾರೆ, ಒಳಗೆ ಲಿಂಗ. ಸ್ನಾನ ಆದ್ಮೇಲೆ ಅದನ್ನ ಎಡಗೈ ಅಂಗೈ ಮೇಲಿಟ್ಕೊಂಡು ಪೂಜೆ. ಪೂಜೆ ಆಗ್ದೆ ಅವ್ವ ಒಂದ್ ಗುಟುಕು ನೀರೂ ಕುಡೀತಿರ್ಲಿಲ್ಲ.

ನಾನಾಗ ಆರನೇ ಕ್ಲಾಸು. ಸಿಂಗಟಗೆರೆ ಹತ್ರ ಊರು. ಅವರೆಕಾಯಿ ಕಾಲ. ನೀವೂ ರಾಶಿ ಅವರೆಕಾಯಿ ಸುಲಿದಿದ್ರೆ ಗೊತ್ತಿರುತ್ತೆ, ಸೊಗಡು ಉಗುರಿಗೆ ಹತ್ಕೊಂಡು ಎರಡು ದಿನ ಹೋಗಲ್ಲ. ಸುಲಿದು ಮುಗಿದ್ರೆ ಜಗಲಿ ಮೇಲೆ ಕಲ್ಲಾಟ. ಐದೂ ಕಲ್ಲು ಮೇಲಕ್ಕೆ ಹಾರ್ಸಿ, ಎರಡೂ ಕೈ ಜೋಡಿಸಿ ಮುಂಗೈ ಮೇಲೆ ಹಿಡಿಯೋದ್ರಲ್ಲಿ ಅವ್ವನ್ನ ಸೋಲ್ಸೋರೇ ಇರ್ಲಿಲ್ಲ. ಆ ವರ್ಷ ಮೊದಲ್ನೇ ಸಲ ಸೋತ್ಲು. ಕಲ್ಲು ಬರೋ ಹೊತ್ತಿಗೆ ಎಡಗೈ ತಾನಾಗೇ ಪಕ್ಕಕ್ಕೆ ಹಾರ್ತು.

"ಅವ್ವಾ, ನಿನ್ ಕೈ ಯಾಕೆ ಹಂಗೆ ಹಾರ್ತೈತೆ?"

"ಕಾಯಿ ಸುಲ್ದು ಸುಲ್ದು ಸೋತೈತೆ ಕಣೇ."

ಅಪ್ಪ ಬಾಗ್ಲಲ್ಲಿ ನಿಂತು ನಕ್ಕ. "ಏನೇ, ಕೈಗೊಂದು ಗೆಜ್ಜೆ ಕಟ್ಲಾ? ತಾಳನಾದ್ರೂ ಸಿಗ್ತೈತೆ."

ಅಜ್ಜಿ ಬಿಡ್ತಾಳಾ? "ಗೆಜ್ಜೆ ಆಮೇಲೆ ಕಟ್ಟುವಂತೆ. ಐದು ರೊಟ್ಟಿ ತಿಂದೂ ಕಡ್ಡಿ ಆಗವ್ಳಲ್ಲ ನಿನ್ ಹೆಂಡ್ತಿ, ತಿಂದಿದ್ದು ಎಲ್ಲಿಗೆ ಹೋಗ್ತೈತೆ ಅಂತ ಕೇಳು."

ಎಲ್ರೂ ನಕ್ವಿ. ಅವ್ವಾನೂ.

ಆ ಚಳೀಲಿ ಅವ್ವ ಕಂಬಳಿ ಹೊದೀತಿರ್ಲಿಲ್ಲ. ಮೈ ಒಲೆ ಥರ ಬಿಸಿ, ಕುತ್ತಿಗೇಲಿ ಬೆವರು. ನಂಗೆ ಖುಷಿ, ಅಂಟ್ಕೊಂಡು ಮಲಗ್ತಿದ್ದೆ. ಕಿವಿ ಎದೆಗಿಟ್ರೆ ಒಳಗೆ ಡವಡವಡವ, ಬೀರೂರು ಬಿಟ್ಟ ರೈಲು ಜೋರು ಹಿಡಿದಂಗೆ. ಹಗಲೆಲ್ಲ ಹಾರೋ ಕೈ, ಅವಳಿಗೆ ನಿದ್ದೆ ಹತ್ತಿದ ತಕ್ಷಣ ಸುಮ್ನಾಗೋದು.

ಒಂದಿನ ಬೆಳಿಗ್ಗೆ ಹಾಸಿಗೆಯಿಂದ ನೋಡ್ತಾ ಇದ್ದೆ. ಅವ್ವ ಪತ್ರೆ ಏರಿಸ್ತಿದ್ಲು, ಎಡಗೈ ಜಗ್ಗಿತು, ಲಿಂಗ ಅಂಚಿಗೆ ಜಾರಿತು. ನಾನು ಹೆಂಗೆ ಹಾರಿದ್ನೋ ಗೊತ್ತಿಲ್ಲ, ಅವಳ ಕೈ ಕೆಳಗೆ ಎರಡೂ ಕೈ ಕೊಟ್ಟೆ. ಲಿಂಗ ಅಂಚಲ್ಲೇ ನಿಂತ್ಕೊಂತು. ಲಿಂಗ ನೆಲಕ್ಕೆ ಬೀಳೋದು ಅಂದ್ರೆ ನಮ್ಮಲ್ಲಿ ಜೀವ ಹೋದಷ್ಟೇ.

"ಯಾರಿಗೂ ಹೇಳ್ಬೇಡ ಕಣವ್ವ. ಲಿಂಗ ನಿಲ್ದಿರೋ ಕೈ ಅಂತ ಗೊತ್ತಾದ್ರೆ ನಿಮ್ಮಜ್ಜಿ ಎದೆ ಒಡ್ಕೊಂಡ್ಬಿಡ್ತಾಳೆ."

"ಹೇಳಲ್ಲ. ದಿನಾ ನಾನೇ ಹಿಡ್ಕೊತೀನಿ."

ಅವತ್ತಿಂದ ಅವ್ವನ ಜೊತೆ ನಾನೂ ಎದ್ದು ಸ್ನಾನ ಮಾಡ್ತಿದ್ದೆ. ಹಗಲು ಯಾರಾದ್ರೂ ಎದುರಾದ್ರೆ ಅವ್ವ ಆ ಕೈನ ಸೆರಗಲ್ಲಿ ಸುತ್ಕೊಳೋಳು, ಇಲ್ಲಾ ನಾನು ಹೋಗಿ ಹಿಡ್ಕೊತಿದ್ದೆ. ಅಜ್ಜಿ ಊರಿಗೆಲ್ಲ ಹೇಳ್ಕೊಂಡು ಬಂದ್ಲು, ನಮ್ ಹುಡುಗಿಗೆ ಎಂಥಾ ಭಕ್ತಿ ಅಂತ. ದೇವರ ಕೋಣೆ ಬಾಗ್ಲು ಹಾಕ್ಕೊಂಡು ಅವಳ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು ಕೂರ್ತಿದ್ದೆ. ಒಳಗೆ ಅವಳ ಕೈ, ಹಿಡಿದ ಗುಬ್ಬಚ್ಚಿ ಥರ ಒದ್ದಾಡೋದು. ಅವಳ ಬೆರಳು ನನ್ನ ಕೈಯಿಂದ ಎರಡು ಗೆಣ್ಣು ಆಚೆ ಇರೋವು. ಅವ್ವನ್ನ ನಾನೇ ಉಳಿಸ್ತಿದೀನಿ ಅಂತ ಎಷ್ಟು ಹೆಮ್ಮೆ ಇತ್ತು ಗೊತ್ತಾ ನಂಗೆ.

ಹಿಂಗೇ ನಾಲ್ಕು ತಿಂಗಳು. ಅವರೆಕಾಯಿ ಹೋಯ್ತು, ಮಾವಿನ ಮಿಡಿ ಬಂತು. ಸ್ಕೂಲಿಂದ ಅಮೃತಾಪುರದ ದೇವಸ್ಥಾನಕ್ಕೆ ಒಂದಿನದ ಟ್ರಿಪ್ಪು. ಬಸ್ಸು ಕತ್ತಲಲ್ಲೇ ಹೊರಡುತ್ತೆ, ನಾನು ಹೋಗಲ್ಲ ಅಂದೆ.

"ಹೋಗೇ, ಎಲ್ರೂ ಹೋಗ್ತಾವ್ರೆ. ಒಂದಿನ ನಾನೇ ಹಿಡ್ಕೊತೀನಿ."

ಹೋದೆ. ಅವ್ವ ಕಟ್ಟಿದ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಕನ್ನಡಿ ಥರ ಹೊಳೆಯೋ ಕಲ್ಲಿನ ಕಂಬದಲ್ಲಿ ಮುಖ ನೋಡ್ಕೊಂಡು ಹಲ್ಲು ಕಿಸಿದೆ.

ಸಂಜೆ ಬಂದ್ರೆ ಅವ್ವ ಗೋಡೆಗೊರಗಿ ಕೂತಿದ್ಲು. ಲಿಂಗ ಬಿದ್ದಿತ್ತು, ಕಲ್ಲು ಹಾಸಿನ ಮೇಲೆ. ಅಜ್ಜಿ ಬೈದಿದ್ರೆ ಚೆನ್ನಾಗಿರ್ತಿತ್ತು, ಬೈಲಿಲ್ಲ. ಅವ್ವನ ಕಾಲ ಹತ್ರ ಕೂತು ಅಳ್ತಿದ್ಲು. ಊರಿನ ಜಂಗಮ ಅಯ್ನೋರು ಬಂದು ಮತ್ತೆ ಲಿಂಗ ಕಟ್ಟೋ ತನಕ ಅವ್ವ ಏನೂ ಮುಟ್ಟಲ್ಲ. ಅವರು ಮದುವೆ ಮಾಡ್ಸೋಕೆ ಅಜ್ಜಂಪುರಕ್ಕೆ ಹೋಗಿದ್ರು.

"ನಾಳೆಯಿಂದ ನಾನೇ ಹಿಡ್ಕೊತೀನಿ, ಒಂದ್ ಗುಟುಕು ಕುಡಿಯವ್ವ," ಅಂತ ಲೋಟ ಹಿಡ್ಕೊಂಡು ಬೇಡ್ದೆ. ಒಲ್ಲೆ ಅಂತ ತಲೆ ಆಡಿಸಿದ್ಲು. ಈಗ ಎಡಗೈ ಜೊತೆ ಭುಜ, ಬಾಯಿ ಎಲ್ಲಾ ಜಗ್ತಿತ್ತು.

ಮೂರನೇ ದಿನ ಅಯ್ನೋರು ಬಂದ್ರು. ಅವ್ವನ ಮುಖ ನೋಡಿ ಚೀಲ ಕೆಳಗೂ ಇಡ್ಲಿಲ್ಲ. "ತಾಯಿ, ಮೊದ್ಲು ನೀರು ಕುಡಿ, ತಪ್ಪು ನನ್ನ ತಲೆ ಮೇಲಿರ್ಲಿ," ಅಂದ್ರು. ಅಪ್ಪನ ಕಡೆ ತಿರುಗಿ, "ಏನಪ್ಪಾ, ಆಸ್ಪತ್ರೆ ಬಿಟ್ಟು ನನಗೆ ಕಾಯ್ತಾ ಕೂತಿದ್ಯಾ?"

ಆಸ್ಪತ್ರೇಲಿ ಡಾಕ್ಟ್ರಮ್ಮ ಅವ್ವನ ಕಣ್ಣು ನೋಡಿದ್ರು, ಕುತ್ತಿಗೆ ಮುಟ್ಟಿದ್ರು. ಸೆರಗು ಸರಿಸಿದಾಗ ಗಂಟಲ ಹತ್ರ ಊತ. ನಾವ್ಯಾರೂ ನೋಡೇ ಇರ್ಲಿಲ್ಲ.

"ಕೈ ಎಷ್ಟು ದಿನದಿಂದ ಹಿಂಗೆ?"

"ಜೋರಾಗಿದ್ದು ಈ ವಾರ ಮೇಡಮ್," ಅಂದ ಅಪ್ಪ.

"ನಾಲ್ಕು ತಿಂಗ್ಳು," ಅಂದೆ ನಾನು.

ಅಪ್ಪ ತಿರುಗಿ ನನ್ನ ನೋಡ್ದ. ಆ ನೋಟ ಹೇಳೋಕೆ ನಂಗೆ ಈಗಲೂ ಬರಲ್ಲ.

ಥೈರಾಯ್ಡ್ ಅಂದ್ರು. ಹೃದಯ ಸೋತೋಗಿದೆ ಅಂದ್ರು. ಅಲ್ಲೇ ಮಲಗಿಸ್ಕೊಂಡು ಮಾತ್ರೆ ಶುರು ಮಾಡಿದ್ರು. ಐದನೇ ದಿನ ಅವ್ವ ಹೋದ್ಲು.

ನಾನೇನು ಡಾಕ್ಟ್ರಿಗೆ ಓದಿಲ್ಲ, ಮೊಬೈಲಲ್ಲಿ ಸಿಕ್ಕಿದ್ದೆಲ್ಲ ಓದಿ ಓದಿ ಕಲ್ತಿದ್ದು. ಗಂಟಲಲ್ಲಿ ಚಿಟ್ಟೆ ಥರ ಒಂದು ಗ್ರಂಥಿ ಇರುತ್ತೆ. ಅದರ ರಸ ಮೈಗೆ ಜಾಸ್ತಿ ಆದ್ರೆ ಬೆವರು, ಹಸಿವು, ಡವಡವ. ಕೈ ಸಣ್ಣಗೆ ನಡುಗೋದು ಬಹಳ ಜನಕ್ಕೆ. ಅಪರೂಪಕ್ಕೆ ಕೆಲವರಿಗೆ ಕೈಕಾಲು ಹೇಳದೆ ಕೇಳದೆ ಹಿಂಗೆ ಕುಣಿಯುತ್ತೆ, ಅದಕ್ಕೆ ಡಾಕ್ಟ್ರುಗಳು ಕೊರಿಯಾ ಅಂತಾರೆ, ಕುಣಿತ ಅಂತ ಅರ್ಥವಂತೆ. ಟೈಮಿಗೆ ಗೊತ್ತಾಗಿ ಥೈರಾಯ್ಡ್ ಹಿಡಿತಕ್ಕೆ ಬಂದ್ರೆ ಕೈ ಸುಮ್ನಾಗುತ್ತಂತೆ. ಇದನ್ನ ಓದಿದ ದಿನ ಮೊಬೈಲ್ ಮಗುಚಿಟ್ಟು ಹಿತ್ತಲಿಗೆ ಹೋದೆ. ಆ ಕೈ ಎಲ್ರಿಗೂ ಕಾಣೋ ಹಂಗೆ ಕುಣಿಯೋಕೆ ಬಿಟ್ಟಿದ್ರೆ ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ನಾನು ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ.

ಅವ್ವ ಹೋದಾಗ, ಮಣ್ಣು ಮಾಡೋಕೆ ಮುಂಚೆ ಅವಳನ್ನ ಗೋಡೆಗೊರಗಿಸಿ ಕೂರಿಸಿದ್ರು. ಅಯ್ನೋರು ಎಡಗೈ ಬಿಡಿಸಿ ಅಂಗೈ ಮೇಲೆ ಲಿಂಗ ಇಟ್ರು. ಅಭ್ಯಾಸ ನೋಡಿ, ನಾನು ಹೋಗಿ ಕೆಳಗೆ ಕೈ ಕೊಟ್ಟೆ. ಯಾರೋ ಎಳೆಯೋಕೆ ಬಂದ್ರು, "ಬಿಡ್ರೋ, ಇರ್ಲಿ," ಅಂದ್ಲು ಅಜ್ಜಿ. ಕೈ ತಣ್ಣಗಿತ್ತು, ನಿದ್ದೆ ಹತ್ತಿದಾಗಿನ ಹಂಗೆ ಸುಮ್ನಿತ್ತು. ಅಲುಗುತ್ತೇನೋ ಅಂತ ಕಾಯ್ತಾ ಕೂತೆ.

ಈಗ ನನ್ನ ಕೈ ದೊಡ್ಡದಾಗಿದೆ. ಆ ಎರಡು ಗೆಣ್ಣೂ ಬೆಳೆದಿದೆ. ಇದ್ರಲ್ಲಿ ಅವ್ವನ ಇಡೀ ಅಂಗೈ ಹಿಡಿಸುತ್ತೆ.