ಎರಡ್ಮೂರು ದಿನ ದಾಟಿದ ಮೇಲೆ

ಗೋಕಾಕದ ಆಸ್ಪತ್ರೆಯಲ್ಲಿ ಅಕ್ಕನ ಬಾಯೊಳಗಿನ ಪೈಪು ತೆಗೆಯುವ ಮೊದಲು ಡಾಕ್ಟರು ನನ್ನನ್ನು ಹೊರಗೆ ಕರೆದರು. "ಇನ್ನ ಮಷಿನ್ ಮ್ಯಾಲೆ ಇಟ್ರ ಅವ್ರಿಗೆ ತ್ರಾಸ ಅಷ್ಟರಿ. ಮನ್ಯಾಗ ನೋವಿನ ಔಷಧ ಕೊಟ್ಟು ಆರಾಮ ಇಡ್ರಿ. ಎರಡ್ಮೂರು ದಿನ, ಅಷ್ಟ." ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹೂಂ ಅನ್ನಬೇಕಾದವಳು ನಾನೊಬ್ಬಳೇ. ಅಂದೆ. ಅವಳಿಗೆ ಮಾತ್ರ, "ಆರಾಮ ಆಗೇತಿ, ಮನಿಗೆ ಹೋಗೂಣು" ಎಂದೆ.

ಮಸಗುಪ್ಪಿಯ ನನ್ನ ಮನೆಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಸಂಕೇಶ್ವರದಿಂದ, ಮೇಲವಂಕಿಯಿಂದ ಬೀಗರು ಬಿಜ್ಜರು ಬಂದರು. ಒಬ್ಬೊಬ್ಬರೂ ಹಾಸಿಗೆಯ ಮೇಲೆ ಬಗ್ಗಿ, "ನಾ ಯಾರ ಹೇಳು? ಗುರ್ತ ಸಿಕ್ತೇನು?" ಎಂದು ಪರೀಕ್ಷೆ ಮಾಡುವವರೇ. ಅಕ್ಕ ಎಲ್ಲದರಲ್ಲೂ ಪಾಸಾದಳು. ನಮ್ಮ ಕಾಕಾ ಮಣ್ಣು ಮಾಡುವ ದಿನಕ್ಕೆಂದು ವಿಭೂತಿ ಗಟ್ಟಿ ತಂದಿಟ್ಟರು, ಕುಣಿ ತೋಡುವವರಿಗೂ ಹೇಳಿ ಬಂದರು. ನನಗೆ ಮೈಯೆಲ್ಲ ಉರಿಯಿತು.

ಆದರೆ ಅಕ್ಕ ಹೋಗಲಿಲ್ಲ. ಔಷಧಕ್ಕೆ ನೋವು ತಗ್ಗಿ ನಿದ್ದೆ ಮಾಡಿದಳು, ಎದ್ದು ಚೂರು ಗಂಜಿ ಕುಡಿದಳು. ನನಗೆ ಖುಷಿ, ಬಂದವರಿಗೆ ಪೇಚಾಟ. ಒಬ್ಬರ ಹೊಲಕ್ಕೆ ಕಬ್ಬು ಕಡಿಯುವವರು ಬರುವುದಿತ್ತು, ಇನ್ನೊಬ್ಬರ ಎಮ್ಮೆ ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ. "ಏನರೆ ಆದ್ರ ಫೋನ್ ಹಚ್ಚು" ಎಂದು ಹೊಸ್ತಿಲಲ್ಲಿ ಪಿಸುಗುಟ್ಟಿ ಎಲ್ಲರೂ ಹೋದರು. ಆಮೇಲೆ ಅವರದೇ ಫೋನು: "ಇನ್ನೂ ಅದಾಳೇನ?" ಅದಾಳ್ರಿ ಅನ್ನುವಾಗ ನನ್ನದೇ ತಪ್ಪೇನೋ ಅನ್ನಿಸುತ್ತಿತ್ತು.

ಮನೆಯಲ್ಲಿ ಇಬ್ಬರಿದ್ದೂ ನಾನು ಒಬ್ಬಳೇ ಇದ್ದೆ. ಅಕ್ಕನ ಹತ್ತಿರ ಕೂತರೆ ನಡುವೆ ನನ್ನ ಸುಳ್ಳು ಬಂದು ಕೂರುತ್ತಿತ್ತು. ಖರೆ ಹೇಳದೇ ಅವಳನ್ನು ಕಳಿಸಿಬಿಡುತ್ತೇನೇನೋ ಎಂಬ ಹೆದರಿಕೆ. ಹೇಳಲು ಬಾಯಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ ಅವಳೇ ಕೇಳಿದಳು: "ಮಂದಿ ಯಾಕ ಬರವಲ್ರು? ನಾ ಯಾರಿಗರೆ ಏನರೆ ಅಂದೀನೇನು?"

ಆಗ ಹೇಳಿಬಿಟ್ಟೆ. "ಡಾಕ್ಟರು ಎರಡ್ಮೂರು ದಿನ ಅಂದಿದ್ರು, ಅಕ್ಕಾ. ಅದಕ್ಕಂತನ ಬಂದಿದ್ರು."

ಅವಳು ನಿರಾಳವಾಗಿ ಉಸಿರು ಬಿಟ್ಟಳು. "ಅಷ್ಟನ? ನನ್ನ ಮ್ಯಾಲೆ ಸಿಟ್ಟಾಗ್ಯಾರಂತ ತಿಳ್ಕೊಂಡಿದ್ನಿ."

ನನಗೆ ಅಳು ಬಂತು. ಅವಳು ನನ್ನ ಕೈ ಹಿಡಿದಳು. "ಹಂಗಾರ ಫೋನ್ ಹಚ್ಚು. ಹೋದ್ಲು ಅಂತ ಹೇಳು, ಬರ್ತಾರ. ಒಮ್ಮೆ ಎಲ್ಲಾರನ್ನೂ ನೋಡ್ತೀನಿ."

ಇಬ್ಬರೂ ನಕ್ಕೆವು. ಫೋನು ಮಾಡಿದ್ದು ಮುಂದಿನ ಸೋಮವಾರ. ಸುಳ್ಳು ಹೇಳಬೇಕಾಗಲಿಲ್ಲ. ಎಲ್ಲರೂ ಬಂದರು.