ಎರಡು ದಿನದ ಬಿಡುವು

ಟಿಣ್, ಟಿಣ್, ಟಿಣ್. ಬಂದರಿನ ಕಬ್ಬಿಣದ ಕಂಬಕ್ಕೆ ಹಗ್ಗ ಬಡಿಯುತ್ತಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಸದ್ದು ಥಟ್ಟನೆ ನಿಂತಿತು. ಕಂಬದ ಬುಡದ ತಗಡಿನ ಕೋಣೆಯಲ್ಲಿ ಬಾವುಟದಜ್ಜ ಚಹಾದ ಲೋಟ ಕೆಳಗಿಟ್ಟ.

ಬಿರುಗಾಳಿ ಬರುವಾಗ ಕರಿ ಬಾವುಟ ಏರಿಸುವುದು, ಹೋದಮೇಲೆ ಇಳಿಸುವುದು, ಮೂವತ್ತೊಂದು ಚಳಿಗಾಲ ಇದೇ ಅವನ ಕೆಲಸ. ಗಾಳಿ ನಿಂತು ಹಗ್ಗ ಸುಮ್ಮನಾಯಿತೆಂದರೆ ಮುಂದಿನ ಬಿರುಗಾಳಿಗೆ ಎರಡು ದಿನ ಬಿಡುವು ಇದ್ದೇ ಇರುತ್ತಿತ್ತು. ಅವನು ಬಾವುಟ ಇಳಿಸುತ್ತಿದ್ದ, ದೋಣಿಗಳು ಹೊರಡುತ್ತಿದ್ದವು. "ಅಜ್ಜನ ಕಿವಿ ಇರೋವಾಗ ರೇಡಿಯೋ ಯಾಕ್ರೋ, ಬ್ಯಾಟರಿ ದಂಡ" ಎಂದು ಮೀನುಗಾರರು ನಗುತ್ತಿದ್ದರು.

ಹೋದ ಚಳಿಗಾಲದಲ್ಲೂ ಹಾಗೇ ಇಳಿಸಿದ. ಬಿಡುವು ಸಿಕ್ಕಿದ್ದು ನಾಲ್ಕೇ ಗಂಟೆ. ಒಂದರ ಬೆನ್ನಿಗೇ ಇನ್ನೊಂದು ಬಂತು. ಅವನ ತಮ್ಮ ಹೋದ ದೋಣಿಯ ಒಂದು ಹಲಗೆ ಮಾತ್ರ ದಡ ಸೇರಿತು.

ಆಮೇಲೆ ಹವಾಮಾನ ಕಚೇರಿಯ ಯುವತಿ ಅವನ ಮುಂದೆ ನಕ್ಷೆ ಹರಡಿದಳು. "ಸಮುದ್ರ ಬಿಸಿಯಾಗ್ತಾ ಇದೆ ಅಜ್ಜಾ. ಮೊದಲು ಬಿರುಗಾಳಿಗಳು ದಕ್ಷಿಣದಲ್ಲೇ ಹಾದುಹೋಗ್ತಿದ್ವು, ನಮಗೆ ಸೆರಗು ತಾಗ್ತಿತ್ತು ಅಷ್ಟೆ. ಈಗ ಅವುಗಳ ದಾರಿನೇ ಉತ್ತರಕ್ಕೆ ಸರಿದು ನಮ್ಮ ಮೇಲೆ ಬಂದಿದೆ. ನಿಮ್ಮ ತಪ್ಪಲ್ಲ."

ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ತಮ್ಮನ ಹೆಂಡತಿ.

"ಭಾವಾ, ಹಗ್ಗ ನಿಂತಿದೆ. ಇವತ್ತಾದ್ರೂ ಬಾವುಟ ಇಳಿಸ್ತೀರಾ? ಅದನ್ನ ಏರಿಸಿ ಮೂರು ವಾರ ಆಯ್ತು."

"ಕಚೇರೀಲಿ ಕೇಳಮ್ಮ."

"ಕೇಳಿದೆ. ಬಂದ್ರೂ ಬರಬಹುದು, ಬರದೇನೂ ಇರಬಹುದಂತೆ. ಅಷ್ಟು ಹೇಳೋಕೆ ನನ್ನ ಕೋಳಿ ಸಾಕು." ಅವಳು ನಗಲಿಲ್ಲ. "ಮಗ ಬಲೆ ಹೇರಿಕೊಂಡು ಕೂತಿದಾನೆ. ಇನ್ನು ಬಾವುಟ ನೋಡಲ್ಲ, ಹೊರಟೇಬಿಡ್ತೀನಿ ಅಂತಾನೆ. ನೀವು ಬೇಡ ಅಂದ್ರೆ ಮಾತ್ರ ನಿಲ್ತಾನೆ."

"ನನ್ನ ಮಾತು ನಂಬಿ ನಿನ್ನ ಗಂಡ..."

"ಗೊತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೂ ನಿಮ್ಮ ಮಾತು ಬಿಟ್ರೆ ನಮಗೆ ಇನ್ಯಾರದಿದೆ ಭಾವ? ಹೋಗಬಹುದಾ, ಬೇಡವಾ?"

ಅವನು ಕಿವಿಗೊಟ್ಟ. ಗಾಳಿಯಿಲ್ಲ. ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಇಷ್ಟು ವರ್ಷ ಅವನ ಜೊತೆ ಮಾತಾಡುತ್ತಿದ್ದ ಮೌನ ಇಂದು ಬಾಯಿ ಬಿಡಲಿಲ್ಲ. ಬೇಡ ಎಂದರೆ ನಾಳೆಯೂ ಬೇಡ, ನಾಡಿದ್ದೂ ಬೇಡ. ಹೋಗು ಎನ್ನಲು ನಾಲಿಗೆ ಏಳದು.

"ನನಗೇನೂ ಕೇಳಿಸ್ತಿಲ್ಲಮ್ಮ."

"ಹಾಗಂದ್ರೆ ಹೇಗೆ? ಅವನಿಗೆ ನಾನು ಏನು ಹೇಳಲಿ? ಭಾವಾ, ಒಂದೇ ಒಂದು ಮಾತು..."

ಅವನು ಕೋಣೆಯ ಬೀಗದ ಕೈಯನ್ನು ಲೋಟದ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿ, ಅವಳ ಮಾತು ಮುಗಿಯುವ ಮೊದಲೇ ಕಡಲಿಗೆ ಬೆನ್ನು ಹಾಕಿ ನಡೆದುಬಿಟ್ಟ.